ವಾಲ್ವಿಗೆ ಕೂದಲೆಳೆಯಷ್ಟು ಸಂದು

ನನ್ನನ್ನು ಯಾರಾದರೂ ಎತ್ತಿ ಕೂಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತು. ಎತ್ತುವವರು ಪ್ರೀತಿಯಿಂದಲೇ ಎತ್ತುತ್ತಾರೆ. ಆದರೆ ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಸೋತವನನ್ನು ಊರವರು ಎಷ್ಟು ಸಲ ಎತ್ತಿರುತ್ತಾರೆಂದರೆ, ಒಂದು ವಯಸ್ಸಾದ ಮೇಲೆ ಅವನಿಗೆ ತನ್ನ ಮೈ ಪಂಚಾಯ್ತಿಯ ಆಸ್ತಿಯೇನೋ ಎನ್ನಿಸತೊಡಗುತ್ತದೆ. ಬಸ್ಸಿನ ಮೆಟ್ಟಿಲ ಹತ್ತಿರ ಊರುಗೋಲು ಊರಿ ನಿಂತು ನಾನು ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಕಂಕುಳಿಗೆ ಕೈ ಹಾಕಿ, "ಏಳ್ರಿ ಸರ್" ಎಂದು ಮೇಲೆತ್ತಿಬಿಡುತ್ತಿದ್ದರು. ಯಾರೆಂದು ತಿರುಗಿ ನೋಡುವುದರೊಳಗೆ ನಾನು ಸೀಟಿನಲ್ಲಿರುತ್ತಿದ್ದೆ, ಅವರು ಇಳಿದು ಹೋಗಿರುತ್ತಿದ್ದರು. ಧನ್ಯವಾದ ಹೇಳಲೂ ಆಗುತ್ತಿರಲಿಲ್ಲ, ಬೈಯಲೂ ಆಗುತ್ತಿರಲಿಲ್ಲ.

ಆದ್ದರಿಂದ ನನ್ನ ಹಳೆಯ ಕಾರಿನ ಮೇಲೆ ನನಗಿರುವುದನ್ನು ಬರೀ ವ್ಯಾಮೋಹ ಎನ್ನಬೇಡಿ. ನನ್ನ ಮನೆ ಸೇಡಂನಲ್ಲಿ, ನಾನು ಗಣಿತ ಕಲಿಸುವ ಹೈಸ್ಕೂಲು ಚಿಂಚೋಳಿಯಲ್ಲಿ. ಯಾರೋ ಓಡಿಸಿ ಬಿಟ್ಟಿದ್ದ ಸಣ್ಣ ಪೆಟ್ರೋಲ್ ಕಾರನ್ನು ತೆಗೆದುಕೊಂಡಾಗ, ವಾಡಿಯ ಒಬ್ಬ ವೆಲ್ಡರ್ ಬ್ರೇಕು, ಎಕ್ಸಿಲರೇಟರು, ಕ್ಲಚ್ಚು ಮೂರನ್ನೂ ಕೈಯಲ್ಲೇ ನಡೆಸುವ ಹಾಗೆ ಸರಳುಗಳನ್ನು ಜೋಡಿಸಿಕೊಟ್ಟ. ದರ್ಜಿಯ ಹಾಗೆ ನನ್ನ ತೋಳಿನ ಅಳತೆ ತೆಗೆದುಕೊಂಡು, ಕೂತಲ್ಲಿಂದ ನನ್ನ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಮಾಡಿದ ಕೆಲಸ ಅದು. ಸಾರಿಗೆ ಕಚೇರಿಯವರು ನೋಡಿ ಒಪ್ಪಿದರು, ಲೈಸೆನ್ಸೂ ಬಂತು. ಮೊದಲ ಸಲ ಒಬ್ಬನೇ ಓಡಿಸಿಕೊಂಡು ಹೋಗಿ, ಯಾರ ಕೈಯೂ ಮೈಗೆ ತಾಗದೆ ಶಾಲೆಯ ಗೇಟಿನೊಳಗೆ ಕಾರು ನಿಲ್ಲಿಸಿದಾಗ, ಇಳಿಯದೆ ಸೀಟಿನಲ್ಲೇ ಕೂತು ಅತ್ತೆ. ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ನೋಡಲಿ ಬಿಡು ಎಂದುಕೊಂಡೆ.

'ಹಳೇದು ಬಿಟ್ಟು ಹೊಸದು ತೊಗೊಳ್ರಿ' ಎಂದು ಹೇಳುವವರಿಗೆ ಈ ಸರಳುಗಳ ಕಥೆ ಹೇಳಿ ಹೇಳಿ ಸಾಕಾಗಿದೆ. ಆ ವೆಲ್ಡರ್ ಈಗ ಈ ಕಡೆ ಇಲ್ಲ. ನನ್ನ ಕೈಗಳು ಕಲಿತಿರುವುದು ಆ ಸರಳುಗಳನ್ನು ಮಾತ್ರ. ಆ ಕಾರು ನಿಂತರೆ ನಾನು ನಿಂತೆ.

ಅಂಥ ಕಾರಿಗೆ ಒಂದು ರೋಗ ಹತ್ತಿಕೊಂಡಿತು. ಎಂಜಿನ್ನಿನ ವಾಲ್ವ್ ಸುಡುವುದು. ವಾಲ್ವ್ ಎಂದರೆ ಎಂಜಿನ್ನಿನ ತಲೆಭಾಗದಲ್ಲಿರುವ, ಕ್ಷಣ ಕ್ಷಣಕ್ಕೂ ತೆರೆದು ಮುಚ್ಚುವ ಬಾಗಿಲು. ಒಂದು ಬಾಗಿಲು ಗಾಳಿ ಪೆಟ್ರೋಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಇನ್ನೊಂದು ಸುಟ್ಟ ಹೊಗೆಯನ್ನು ಹೊರಗೆ ಹಾಕುತ್ತದೆ. ನನ್ನ ಕಾರಿನಲ್ಲಿ ಸುಡುತ್ತಿದ್ದದ್ದು ಯಾವಾಗಲೂ ಹೊಗೆಯ ಬಾಗಿಲು. ಅದರ ಅಂಚು ಸುಟ್ಟಿತೆಂದರೆ ಎಂಜಿನ್ನಿನ ದಮ್ಮೆಲ್ಲ ಅಲ್ಲಿಂದಲೇ ಸೋರಿಹೋಗುತ್ತಿತ್ತು. ಸಣ್ಣ ಏರು ಬಂದರೂ ಗಾಡಿ ಏದುಸಿರು ಬಿಡುತ್ತ ಕುಂಟುತ್ತಿತ್ತು. ಮೇಷ್ಟ್ರು ಕುಂಟ, ಮೇಷ್ಟ್ರ ಗಾಡಿಯೂ ಕುಂಟಬೇಕೇ ಎಂದು ಮೊದಲ ಸಲ ನಾನೇ ನಗೆಯಾಡಿದೆ. ಹೊಸ ವಾಲ್ವ್ ಹಾಕಿಸಿದೆ. ಕೆಲವು ತಿಂಗಳಿಗೆ ಅದೂ ಸುಟ್ಟಿತು. ಮತ್ತೆ ಹಾಕಿಸಿದೆ, ಮತ್ತೆ ಸುಟ್ಟಿತು. ಆಮೇಲೆ ನನಗೆ ನಗೆ ಬರಲಿಲ್ಲ. ಪ್ರತಿ ಸಲ ಗಾಡಿ ದಾರಿಯಲ್ಲಿ ಕೈಕೊಟ್ಟಾಗಲೂ ಯಾರೋ ಪುಣ್ಯಾತ್ಮರು ಬಂದು ನನ್ನನ್ನು ಎತ್ತಿ ಜೀಪಿಗೋ ಟಂಟಂ ಆಟೋಗೋ ಹಾಕುತ್ತಿದ್ದರು.

ಕಾರಣ ಹೇಳದವರೇ ಇರಲಿಲ್ಲ. ಗ್ಯಾಸ್ ಕಿಟ್ ಹಾಕಿಸಿದ್ದೀರಲ್ಲ, ಗ್ಯಾಸಿನ ಕಾವಿಗೆ ವಾಲ್ವ್ ಸುಡುತ್ತದೆ ಎಂದರು. ಕಿಟ್ ತೆಗೆಸಿ ಬರೀ ಪೆಟ್ರೋಲಿನ ಮೇಲೆ ಓಡಿಸಿದೆ. ನಮ್ಮ ರಸ್ತೆಯ ತುಂಬ ಸಿಮೆಂಟ್ ಲಾರಿ, ಧೂಳು ಒಳಗೆ ಹೋಗುತ್ತಿರಬೇಕು ಎಂದರು. ಏರ್ ಫಿಲ್ಟರನ್ನೂ ಅದರ ಪೈಪನ್ನೂ ಬದಲಾಯಿಸಿದೆ. ರೇಡಿಯೇಟರ್ ಕಟ್ಟಿದೆ ಎಂದರು, ತೊಳೆಸಿದೆ. ವಾಲ್ವೇ ನಕಲಿ ಎಂದರು, ಹೈದರಾಬಾದಿನಿಂದ ಒಳ್ಳೆಯದನ್ನು ತರಿಸಿದೆ. ಅದೂ ತನ್ನ ಪಾಳಿ ಬಂದಾಗ ಸುಟ್ಟುಕೊಂಡು ಹೊರಗೆ ಬಂತು. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಲು ಹೇಳಿದರು. ನನಗೆ ನಂಬಿಕೆ ಇಲ್ಲ, ಆದರೂ ಕಟ್ಟಿಸಿದೆ. ತಲೆ ಅಷ್ಟು ಕೆಟ್ಟಿತ್ತು.

ಈ ನಡುವೆ ನನ್ನ ಬಾಲ್ಯದ ಗೆಳೆಯ, ಈಗ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿರುವವನು, ಒಂದು ಸಂಜೆ ಮನೆಗೆ ಬಂದ. ನನಗಾಗಿ ಓಡಾಡಿ ಒಂದು ವ್ಯವಸ್ಥೆ ಮಾಡಿಕೊಂಡೇ ಬಂದಿದ್ದ. ಸೇಡಂನ ಕಚೇರಿಯೊಂದರಲ್ಲಿ ನನ್ನನ್ನು ನಿಯೋಜನೆ ಮೇಲೆ ಕೂಡಿಸುವುದು.

"ಮನಿ ಮಗ್ಗಲಕ್ಕ ಆಫೀಸ್. ಕುಂತಲ್ಲೇ ಕೆಲಸ. ಆ ಚಿಂಚೋಳಿ ದಾರಿ ಸಾಕು ಮಾಡೋ ಮಾರಾಯಾ. ದಿನಾ ನೀ ಮನಿ ಮುಟ್ಟಿದಿ ಇಲ್ಲೋ ಅಂತ ನಂಗ ಚಿಂತಿ ಹತ್ತೇದ" ಎಂದ.

ಅವನ ಕಣ್ಣಲ್ಲಿ ನೀರಿತ್ತು. ನಾನು ಹಲ್ಲು ಕಚ್ಚಿ ಕೂತೆ. ಆ ಕುರ್ಚಿಯಲ್ಲಿ ಕೂತರೆ ನನ್ನ ಕೈಗೆ ಫೈಲು ಬರುತ್ತದೆ, ಸೀಮೆಸುಣ್ಣ ಹೋಗುತ್ತದೆ. ಒಂದು ಊರುಗೋಲನ್ನು ಕಂಕುಳಲ್ಲಿಟ್ಟು ಗೋಡೆಗೆ ಭುಜ ಕೊಟ್ಟು ನಾನು ಬೋರ್ಡಿನ ಮೇಲೆ ತ್ರಿಕೋನ ಬರೆಯುವಾಗ ನನಗೆ ನನ್ನ ಕಾಲಿನ ನೆನಪಿರುವುದಿಲ್ಲ. ದಿನದಲ್ಲಿ ಹಾಗೆ ಇರುವುದು ಅಷ್ಟೇ ಹೊತ್ತು. ಅದನ್ನು ಅವನಿಗೆ ಹೇಗೆ ಹೇಳುವುದು? ಬೇಸಿಗೆ ರಜೆ ಮುಗಿಯುವವರೆಗೆ ಸಮಯ ಕೊಡು ಎಂದೆ. ಅಷ್ಟರಲ್ಲಿ ಕಾರು ಪೂರ್ತಿ ಸರಿಹೋಗದಿದ್ದರೆ ಒಪ್ಪಿಕೊಳ್ಳುತ್ತೇನೆ ಎಂದು ಮಾತೂ ಕೊಟ್ಟೆ.

ಮಾತು ಕೊಟ್ಟು ವಾರವಾಗಿರಲಿಲ್ಲ, ವಾಲ್ವ್ ಮತ್ತೆ ಸುಟ್ಟಿತು.

ನನ್ನ ಕಾರಿನ ಕೆಲಸವನ್ನೆಲ್ಲ ನೋಡುವವರು ಸೇಡಂನ ಒಬ್ಬ ಹಿರಿಯ ಮಿಸ್ತ್ರಿ. ನಮ್ಮ ಕಡೆ ಮೆಕ್ಯಾನಿಕ್‌ಗೆ ಮಿಸ್ತ್ರಿ ಎನ್ನುತ್ತೇವೆ. ಎಂಜಿನ್ನಿನ ತಲೆಯನ್ನು ಬಿಚ್ಚಿ ಶಹಾಬಾದಿನ ಲೇಥ್ ಅಂಗಡಿಗೆ ಕಳಿಸಿ, ಅಲ್ಲಿ ಹೊಸ ವಾಲ್ವ್ ಕೂಡಿಸಿಕೊಂಡು ಬಂದು ಜೋಡಿಸುವುದು ಅವರ ಪದ್ಧತಿ. ಈ ಸಲ ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಅವರು ತಮ್ಮ ಟೆಂಪೋದಲ್ಲಿ ಎಂಜಿನ್ನಿನ ತಲೆಯನ್ನು ಹಿಂದೆ, ನನ್ನನ್ನು ಮುಂದೆ ಇಟ್ಟುಕೊಂಡು ಹೊರಟರು. ಟೆಂಪೋ ಹತ್ತಿಸುವಾಗ ಎತ್ತಿದರು. ನಾನು ಮುಖ ಆ ಕಡೆ ಮಾಡಿದೆ.

ಶಹಾಬಾದಿನ ಲೇಥ್ ಅಂಗಡಿ ಕಲ್ಲು ಪಾಲಿಶ್ ಮಾಡುವವರ ಸಾಲಿನಲ್ಲಿದೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕು. ಅಂಗಡಿಯವನು ವಾಲ್ವನ್ನು ಹೊರಗೆ ತೆಗೆದು ಒರೆಸಿ ನನ್ನ ಅಂಗೈಯಲ್ಲಿಟ್ಟ. ಇಷ್ಟು ವರ್ಷ ನನ್ನನ್ನು ಗೋಳಾಡಿಸಿದ ವಸ್ತುವನ್ನು ನಾನು ಮುಟ್ಟಿದ್ದು ಅವತ್ತೇ. ಉದ್ದ ಕಡ್ಡಿಯ ಅಣಬೆಯಂಥ ಕಬ್ಬಿಣ. ದುಂಡಗಿರಬೇಕಾದ ಅಂಚಿನಲ್ಲಿ ಒಂದು ಕಡೆ, ಹಂಚಿನ ಮೇಲೆ ಮರೆತ ರೊಟ್ಟಿಯ ಅಂಚಿನ ಹಾಗೆ, ಸುಟ್ಟು ಉದುರಿಹೋಗಿತ್ತು.

"ಇದು ಪೂರಾ ಮುಚ್ಚಲಾರದ್ದಕ್ಕ ಸುಟ್ಟದ್ರಿ ಸರ್" ಎಂದು ಅವನು ಕೂಗಿದ. "ಬಾಗಲಾ ಬರೋಬ್ಬರಿ ಮುಚ್ಚಿದ್ರ ಕಾವು ಸೀಟಿಗಿ, ಅಂದ್ರ ಅದು ಕೂಡೋ ಚೌಕಟ್ಟಿಗಿ, ಹೋಗಿ ವಾಲ್ವ್ ತಣ್ಣಗಾಗ್ತದ. ಸಂದು ಉಳೀತಂದ್ರ ಅಲ್ಲಿಂದ ಬೆಂಕಿ ನುಗ್ತದ. ಆದ್ರ ನಾ ಸೀಟ್ ಬರೋಬ್ಬರಿ ಮಾಡೇ ಕೊಟ್ಟೀನಿ. ಯಾಕ ಮುಚ್ಚವಲ್ದು ಅಂತ ನಂಗೂ ತಿಳೀವಲ್ದು."

ಮಿಸ್ತ್ರಿಯೂ ತಲೆ ಕೆರೆದುಕೊಂಡರು. ಅರ್ಧ ಉತ್ತರ ಸಿಕ್ಕಂತಾಯಿತು. ಅರ್ಧ ಉತ್ತರಕ್ಕೆ ನಾನು ನನ್ನ ಮಕ್ಕಳಿಗೆ ಅರ್ಧ ಅಂಕವನ್ನೂ ಕೊಡುವುದಿಲ್ಲ. ಸಿಡಿಸಿಡಿ ಎನ್ನುತ್ತಲೇ ಮನೆಗೆ ಬಂದೆ.

ಮನೆಯಲ್ಲಿ ನನ್ನ ಹೆಂಡತಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಸಂಜೆ ನನ್ನ ಕಾರು ಓಣಿಯ ಮೂಲೆ ತಿರುಗಿದ ಸದ್ದು ಕೇಳಿದ ಮೇಲೆ ಮಷೀನು ಬಿಟ್ಟು ಎದ್ದು ಹಂಚು ಇಡುವುದು ಅವಳ ರೂಢಿ. ನಾನು ಕಾರಿನಿಂದ ಇಳಿದು, ಊರುಗೋಲು ಸರಿಮಾಡಿಕೊಂಡು, ಕೈಕಾಲು ತೊಳೆದು ಬರುವಷ್ಟರಲ್ಲಿ ಬಿಸಿ ರೊಟ್ಟಿ ತಾಟಿನಲ್ಲಿರುತ್ತದೆ.

"ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದಳು. "ನಿಮ್ಮ ಗಾಡಿ ಕೆಡೋಕಿಂತ ಮದ್ಲ ಬಾಯಿ ಮುಚ್ಚತದ. ಪ್ರತಿ ಸಲಾನೂ. ನೀವು ಬಾಗಲಕ್ಕ ಬಂದು ನಿಂತಿದ್ದೇ ಗೊತ್ತಾಗಂಗಿಲ್ಲ ನಂಗ. ಹಂಚ ಇಟ್ಟಿರಂಗಿಲ್ಲ, ನೀವು ಬೈತೀರಿ. ಹಿಂಗಾದ್ ತಿಂಗಳೊಪ್ಪತ್ತಿನಾಗ ಅದು ಗ್ಯಾರೇಜಿಗಿ ಹೋಗ್ತದ."

"ಸದ್ದು ಕಡಿಮಿ ಆದ್ರ ಚಲೋನೇ ಅಲ್ಲೇನು?" ಎಂದೆ.

"ನಂಗೇನ್ ಗೊತ್ರೀ. ಕೇಳಿದ್ದು ಹೇಳ್ದೆ."

ಅವತ್ತು ಊಟ ಸೇರಲಿಲ್ಲ. ರಿಪೇರಿಯಾಗಿ ಬಂದ ಹೊಸದರಲ್ಲಿ ನನ್ನ ಕಾರು ಟಕಟಕ ಎನ್ನುತ್ತಿತ್ತು, ನಿಜ. ಅದು ಟ್ಯಾಪೆಟ್ ಸದ್ದು. ವಾಲ್ವನ್ನು ಬಡಿದು ತೆರೆಯುವ ಸಣ್ಣ ತೋಳಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದಿನಿಂದಲೇ ಆ ಸದ್ದು. ಆಮೇಲೆ ಅದು ನಿಧಾನವಾಗಿ ಮೆತ್ತಗಾಗಿ, ಎಂಜಿನ್ನು ಹೊಸ ಗಾಡಿಯ ಹಾಗೆ ಸುಯ್ಯೆನ್ನುತ್ತಿತ್ತು. ನಾನು ಅದನ್ನು ಸುಖ ಎಂದುಕೊಂಡಿದ್ದೆ. ಸದ್ದು ಹೋಗಿದೆ ಎಂದರೆ ಸಂದು ಹೋಗಿದೆ. ಸಂದು ಹೋದರೆ, ಕಾದು ಉದ್ದವಾದ ವಾಲ್ವಿಗೆ ಪೂರ್ತಿ ಮುಚ್ಚಲು ಜಾಗವಿಲ್ಲ. ಲೇಥ್ ಅಂಗಡಿಯವನ ಅರ್ಧ ಉತ್ತರ, ನನ್ನ ಹೆಂಡತಿಯ ಇನ್ನರ್ಧ. ಲೆಕ್ಕ ಕೂಡಿತು. ಆದರೆ ಸಂದನ್ನು ನುಂಗಿದವರು ಯಾರು?

ಬೆಳಗಾಗುತ್ತಲೇ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಚಹಾ ತರಿಸಿದರು. "ರಿಪೇರಿ ಆದ ಮ್ಯಾಲ ನೀವು ನನ್ನ ಗಾಡಿಗಿ ಏನೇನು ಕೆಲಸ ಮಾಡೀರಿ, ನೆನಪ ಮಾಡ್ಕೊಂಡು ಹೇಳ್ರಿ" ಎಂದೆ.

"ಏನೂ ಮಾಡಿಲ್ರಿ ಸರ್. ಆಯಿಲ್ ಹಾಕೀನಿ. ಬಸ್, ಅಷ್ಟೇ."

"ಟ್ಯಾಪೆಟ್?"

"ಅರೆ, ಅದೇನ್ ಕೆಲಸ ಏನ್ರಿ? ನೀವು ಬಂದಾಗೆಲ್ಲ ಜರಾ ಬಿಗಿ ಮಾಡಿ ಕೊಟ್ಟೀನಿ. ನಿಮ್ಮಂಥವ್ರು ಬಂದ್ರ ಹಂಗೇ ಕಳಿಸ್ಲಿಕ್ಕ ಆಗ್ತದೇನು? ಆವಾಜ್ ಬರಬಾರ್ದು ನೋಡ್ರಿ ನಿಮಗ. ಒಬ್ಬರೇ ಹೋಗೋರು."

ಅಲ್ಲಿಗೆ ನನಗೆ ಬೆಳಕು ಹರಿಯಿತು. ನಮ್ಮ ಕಡೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಮನೆಗೆ ಹೋದರೆ ಚಹಾ ಇಲ್ಲದೆ ಬಿಡುವುದಿಲ್ಲ, ಗ್ಯಾರೇಜಿಗೆ ಹೋದರೆ ಗಾಡಿಗೆ ಒಮ್ಮೆ ಕೈ ಆಡಿಸದೆ ಬಿಡುವುದಿಲ್ಲ. ಅದು ಪ್ರೀತಿಗೆ ಮಾಡುವುದು, ಹೀಗಾಗಿ ಅದನ್ನು ಯಾರೂ ಕೆಲಸ ಎಂದು ಎಣಿಸುವುದಿಲ್ಲ, ಕೇಳಿದರೆ ಹೇಳುವುದೂ ಇಲ್ಲ. ಇಷ್ಟು ದಿನ ನಾನು 'ಏನು ಕೆಲಸ ಮಾಡಿದಿರಿ' ಎಂದು ಕೇಳುತ್ತಿದ್ದೆ, ಅವರು 'ಏನೂ ಇಲ್ಲ' ಎನ್ನುತ್ತಿದ್ದರು. ಇಬ್ಬರೂ ನಿಜವನ್ನೇ ಆಡುತ್ತಿದ್ದೆವು.

ಚಿಂಚೋಳಿಯಲ್ಲಿ ನಮ್ಮ ಶಾಲೆಯ ಎದುರಿಗಿರುವ ಮಿಸ್ತ್ರಿಗೆ ಅಲ್ಲಿಂದಲೇ ಫೋನು ಹಚ್ಚಿದೆ. ನನ್ನ ಗಾಡಿಗೆ ಅವನು ಗಾಳಿ ತುಂಬುತ್ತಾನೆ, ಗಾಜು ಒರೆಸುತ್ತಾನೆ, ಬೇರೆ ಏನನ್ನೂ ಮಾಡುವುದಿಲ್ಲ ಎಂದೇ ನಾನು ತಿಳಿದಿದ್ದೆ.

"ಟ್ಯಾಪೆಟ್ ಏನಾದ್ರೂ ಮುಟ್ಟಿದ್ದೇನಪಾ?"

"ಹೌದ್ರಿ ಸರ್! ನೀವು ಕ್ಲಾಸಿನಾಗ ಇದ್ದಾಗ ಬಾನೆಟ್ ತಗದು ಬಿಗಿ ಮಾಡಿಟ್ಟಿರ್ತೀನಿ. ಗುಣಾ ಆಗ್ಯದಲ್ರಿ? ಆವಾಜ್ ಸುದ್ದಾ ಇಲ್ಲ ಈಗ." ಅವನ ದನಿಯಲ್ಲಿ ಎಷ್ಟು ಹಿಗ್ಗಿತ್ತೆಂದರೆ ನನಗೆ ಬೈಯಲು ಬಾಯಿ ಬರಲಿಲ್ಲ. ಅವನ ತಂಗಿ ನನ್ನ ಹತ್ತಿರ ಓದಿ ಪಾಸಾದವಳು.

ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಿದ ಸೇಡಂ ಮಿಸ್ತ್ರಿ ಚಹಾದ ಲೋಟ ಕೆಳಗಿಟ್ಟರು. ಇಲ್ಲಿ ಇವರು ಒಂದಿಷ್ಟು ಬಿಗಿದರೆ ಅಲ್ಲಿ ಅವನು ಇನ್ನೊಂದಿಷ್ಟು ಬಿಗಿಯುತ್ತಿದ್ದ. ಇಬ್ಬರೂ ಅಳತೆಪಟ್ಟಿ ಹಾಕದೆ, ಕಿವಿ ಕೇಳಿದಂತೆ, ಕೈಯಂದಾಜಿನಲ್ಲಿ. ಒಬ್ಬರಿಗೆ ಇನ್ನೊಬ್ಬರ ಸುಳಿವಿಲ್ಲ. ಮಿಸ್ತ್ರಿಯ ಮುಖ ಸಣ್ಣಗಾಯಿತು.

"ಯಾ ಅಲ್ಲಾ. ಇಬ್ರೂ ಕೂಡಿ ಉಪಕಾರ ಮಾಡಿ ಮಾಡಿ ನಿಮ್ಮ ವಾಲ್ವ್ ಸುಟ್ಟೇವಲ್ರಿ ಸರ್" ಎಂದರು. "ಏನ್ ಮಾಡ್ಲಿ ಹೇಳ್ರಿ ಈಗ?"

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಷ್ಟು ವರ್ಷ ನನ್ನ ಬೆನ್ನ ಹಿಂದೆ, ನಾನು ನೋಡದಿರುವಾಗ, ನನ್ನ ದಾರಿ ಸುಗಮವಾಗಲಿ ಎಂದು ಎರಡು ಊರಿನ ಎರಡು ಜೊತೆ ಕೈ ಎಣ್ಣೆಯಲ್ಲಿ ಅದ್ದಿದ್ದವು. ನಾನು ಶ್ರೀಮಂತ ಎಂದು ಮೊದಲ ಸಲ ಅನ್ನಿಸಿತು.

"ನಂಗ ಆ ಸಂದು ತೋರಿಸ್ರಿ" ಎಂದೆ. "ನಾ ನೋಡಬೇಕು."

ನನಗೆ ಎಂಜಿನ್ನಿನ ಒಳಗನ್ನು ನೋಡಲು ಆಗುವುದಿಲ್ಲ. ಎರಡೂ ಕೈ ಊರುಗೋಲಿನ ಮೇಲಿರುವಾಗ ಬಾನೆಟ್ಟಿನ ಮೇಲೆ ಬಾಗುವುದು ಹೇಗೆ? ಮಿಸ್ತ್ರಿಗೂ ಅದು ಗೊತ್ತು. ಅವರು ಅತ್ತಿತ್ತ ನೋಡಿ, ಎತ್ತರದ ಕಬ್ಬಿಣದ ಸ್ಟೂಲೊಂದನ್ನು ಕಾರಿನ ಮುಂದೆ ಎಳೆದಿಟ್ಟರು. ಆಮೇಲೆ ನನ್ನ ಕಡೆ ಬಾರದೆ ಅಲ್ಲೇ ನಿಂತರು. ನನ್ನ ಸ್ವಭಾವ ಅವರಿಗೆ ಗೊತ್ತಿಲ್ಲವೇ.

"ಎತ್ತ್ರಿ ನನ್ನ" ಎಂದೆ. ಆ ಮಾತು ನನ್ನ ಬಾಯಿಂದ ಹೊರಟದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಎತ್ತಿದರು. ಮೈ ಉರಿಯಲಿಲ್ಲ. ಬೇಕೆಂದು ಕೇಳಿ ಎತ್ತಿಸಿಕೊಂಡಾಗ ಅದು ಬೇರೆಯೇ ಆಗಿರುತ್ತದೆ, ಕೈಯಾಸರೆಗೆ ಗೋಡೆ ಹಿಡಿದಷ್ಟೇ ಸಹಜ. ಮಿಸ್ತ್ರಿ ರಾತ್ರಿಯೇ ಕಾರಿಗೆ ಜೋಡಿಸಿಟ್ಟಿದ್ದ ಹೊಸ ವಾಲ್ವುಗಳ ಸಾಲು ನನ್ನ ಮೂಗಿನ ಕೆಳಗಿತ್ತು. ಮಿಸ್ತ್ರಿ ಪೆಟ್ಟಿಗೆಯ ತಳದಿಂದ ತೆಳ್ಳನೆಯ ತಗಡಿನ ಅಳತೆಪಟ್ಟಿ ತೆಗೆದು ಕೊಟ್ಟರು. ಎಷ್ಟು ದಪ್ಪದ ಪಟ್ಟಿ ಎಲ್ಲಿ ಹೋಗಬೇಕೆಂದು ತೋರಿಸಿದರು. ನಾನು ಪಟ್ಟಿ ತೂರಿಸಿ ಹಿಡಿದೆ, ಅವರು ಸ್ಕ್ರೂ ತಿರುಗಿಸಿದರು. ಪಟ್ಟಿ ಸಡಿಲವಾಗಿಯೂ ಬರಬಾರದು, ಸಿಕ್ಕಿಯೂ ಬೀಳಬಾರದು. ಸೀರೆಯ ಮಡಿಕೆಯಿಂದ ಕಾಗದ ಎಳೆದಷ್ಟು ತಡೆ ಇರಬೇಕು. ಎಲ್ಲ ಮುಗಿದ ಮೇಲೆ ನಟ್ಟು ಬಿಗಿದು, ಅದರ ಮೇಲೆ ಅವರು ಕೆಂಪು ಬಣ್ಣದ ಒಂದೊಂದು ಚುಕ್ಕೆ ಇಟ್ಟರು, ಯಾರಾದರೂ ಮುಟ್ಟಿದರೆ ತಿಳಿಯಲಿ ಎಂದು. ಎಂಜಿನ್ ಚಾಲೂ ಮಾಡಿದಾಗ ಟಕಟಕಟಕ ಎಂದು ಇಡೀ ಗ್ಯಾರೇಜಿಗೆ ಕೇಳಿತು. ಆ ಸದ್ದು ಕೇಳಿ ಮಿಸ್ತ್ರಿಯ ಕೈ ತಾನಾಗಿಯೇ ಸ್ಕ್ರೂಡ್ರೈವರಿನ ಕಡೆ ಹೋಯಿತು. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರೂ ನಕ್ಕೆವು.

ಹೊಸ ವಾಲ್ವ್ ಕೂತ ಮೇಲೆ ಸಂದು ತಾನಾಗಿಯೂ ಕೊಂಚ ಕಡಿಮೆಯಾಗುತ್ತದಂತೆ. ಅದಕ್ಕೆ ಆಗಾಗ ಪಟ್ಟಿ ಹಾಕಿ ನೋಡುತ್ತೇವೆ. ಬಿಗಿಯಲಿಕ್ಕಲ್ಲ, ಸಡಿಲಿಸಲಿಕ್ಕೆ. ಚಿಂಚೋಳಿಯ ಮಿಸ್ತ್ರಿಗೆ ತಿಳಿಸಿ ಹೇಳಿದಾಗ ಅವನು ಬಹಳ ನೊಂದುಕೊಂಡ. ಈಗ ಅವನು ಕೈ ಕಟ್ಟಿಕೊಂಡು ನನ್ನ ಕಾರಿನ ಸುತ್ತ ತಿರುಗುತ್ತಾನೆ, ಸದ್ದು ಕೇಳಿ ಚಡಪಡಿಸುತ್ತಾನೆ, ಕೊನೆಗೆ ತಡೆಯಲಾರದೆ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಾನೆ. ನನ್ನ ಕಾರಿನ ಗಾಜಿನಷ್ಟು ಸ್ವಚ್ಛವಾದ ಗಾಜು ಚಿಂಚೋಳಿ ತಾಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ರಜೆಯಲ್ಲಿ ಸುಮ್ಮನೆ ಕೂಡಲಿಲ್ಲ. ಆ ಬಿಸಿಲಿನಲ್ಲಿ ಚಿತ್ತಾಪುರಕ್ಕೆ, ಸನ್ನತಿಗೆ, ಕುಂಚಾವರಂ ಕಾಡಿನ ಏರಿಗೆ ಬೇಕೆಂದೇ ಕಾರು ಓಡಿಸಿದೆ. ಹೆಂಡತಿ ಪಕ್ಕದಲ್ಲಿ ಕೂತು, ಈ ಸದ್ದಿಗೆ ತಲೆನೋವು ಬಂತು ಎಂದು ಗೊಣಗುತ್ತಲೇ ಎಲ್ಲ ಕಡೆ ಬಂದಳು. ಯಾವ ಏರಿನಲ್ಲೂ ಗಾಡಿ ಕುಂಟಲಿಲ್ಲ. ಕುಂಚಾವರಂನ ಏರಿನ ಮೇಲೆ ಕಾರು ನಿಲ್ಲಿಸಿ, ಇಬ್ಬರೂ ಬಾಟಲಿಯ ಬಿಸಿನೀರನ್ನೇ ಕುಡಿದೆವು. ನನ್ನ ಗೆಳೆಯನಿಗೆ ಉತ್ತರ ಹೇಳಬಹುದು ಎಂದು ಅವಳೇ ಅಂದಳು. ಬೇಡ, ಶಾಲೆ ಶುರುವಾಗಲಿ ಎಂದೆ. ನನಗೆ ಇನ್ನೂ ಅಳುಕಿತ್ತು.

ಶಾಲೆ ಶುರುವಾಗುವ ಮೊದಲು ಗೆಳೆಯನೇ ಫೋನು ಮಾಡಿದ. ಆದೇಶ ತಯಾರಾಗಿತ್ತು, ನನ್ನ ಒಂದು ಮಾತಿಗೆ ಕಾದಿತ್ತು.

"ಬ್ಯಾಡಪಾ. ನಾ ಚಿಂಚೋಳಿಗೇ ಹೋಗ್ತೀನಿ" ಎಂದೆ. "ನೀ ನನ್ನ ಸಲುವಾಗಿ ಎಷ್ಟು ಓಡಾಡೀದಿ ಅಂತ ನಂಗ ಗೊತ್ತದ. ಅದು ನಾ ಸಾಯೋತನ ಮರಿಯಂಗಿಲ್ಲ. ಆದ್ರ ಆ ಕುರ್ಚಿ ಬ್ಯಾಡ."

"ಆತು ಬಿಡು" ಎಂದ ಅವನು, ದನಿ ಇಳಿಸಿ. ಮನಸ್ಸಿಗೆ ನೋವಾಗಿದೆ ಎಂದು ತಿಳಿಯಿತು. ಮೊದಲಿನ ನಾನಾಗಿದ್ದರೆ ಅಷ್ಟಕ್ಕೇ ಫೋನು ಇಟ್ಟುಬಿಡುತ್ತಿದ್ದೆ.

"ಮತ್ತ ದಾರ್‍ಯಾಗ ಗಾಡಿ ನಿಂತ್ರ?" ಎಂದ ಕೊನೆಗೆ.

"ನಿಂತ್ರ ಮದಲ ನಿಂಗೇ ಫೋನ್ ಮಾಡ್ತೀನಿ. ನೀನೇ ಬಂದು ಎತ್ತಬೇಕು ನನ್ನ. ಬ್ಯಾರೆ ಯಾರಿಗೂ ಕರಿಯಂಗಿಲ್ಲ."

ಅವನಲ್ಲಿ ನಾನು ಜೀವನದಲ್ಲಿ ಕೇಳಿದ ಮೊದಲ ಸಹಾಯ ಅದು. ಆ ಕಡೆಯಿಂದ ಅವನು ಮೂಗು ಏರಿಸಿದ ಸದ್ದು ಕೇಳಿತು. "ಬರ್ತೀನೋ, ಬರ್ತೀನಿ" ಎಂದ.